ಸ್ಪೂಲ್ ಟೇಪಿನಲ್ಲಿ ಅಜ್ಜಿಯ ದನಿ: ಮನೆಯಲ್ಲೇ ಡಿಜಿಟಲ್ ಮಾಡಬಹುದೇ?

ಪ್ರಶ್ನೆ: ತಂದೆ ತೀರಿಕೊಂಡ ಮೇಲೆ ಅವರ ಕಪಾಟು ಖಾಲಿ ಮಾಡುವಾಗ 11 ಸ್ಪೂಲ್ ಟೇಪುಗಳು ಸಿಕ್ಕವು. 7 ಟೇಪುಗಳು 5 ಇಂಚಿನವು, 4 ಟೇಪುಗಳು 3 ಇಂಚಿನವು. ಒಂದು ಡಬ್ಬಿಯ ಮೇಲೆ ತಾತನ ಕೈಬರಹದಲ್ಲಿ 1964 ಎಂದಿದೆ. ಅಜ್ಜಿ ನಾನು ಹುಟ್ಟುವ ಮೊದಲೇ ಹೋದರು, ಅವರ ದನಿ ಇದರಲ್ಲಿ ಇದೆಯಂತೆ. ಆಗಿನ ಟೇಪ್ ರೆಕಾರ್ಡರ್ ಈಗ ನಮ್ಮಲ್ಲಿಲ್ಲ. ಸ್ನೇಹಿತರೊಬ್ಬರು ಹಳೆಯ ಸ್ಟೀರಿಯೋ ಮಷಿನ್ ಕೊಟ್ಟರು. ಒಂದು ಟೇಪ್ ಹಾಕಿದೆ. ಎಡಗಡೆ ಸ್ಪೀಕರಿನಲ್ಲಿ ಯಾರೋ ಗಂಡಸು ಕಂಬಳಿ ಹೊದ್ದು ಮಾತಾಡಿದ ಹಾಗೆ ಮಂಕಾಗಿ ಕೇಳಿಸಿತು. ಬಲಗಡೆ ಯಾವ ಭಾಷೆಯೂ ಅಲ್ಲದ ವಿಚಿತ್ರ ಶಬ್ದ. ಬಲಗಡೆಯದನ್ನು 40 ಸೆಕೆಂಡು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದೇನೆ. ಹತ್ತು ನಿಮಿಷದಲ್ಲಿ ಟೇಪ್ ತುಂಡಾಯಿತು, ನಿಲ್ಲಿಸಿಬಿಟ್ಟೆ. ಇನ್ನೊಂದು ಡಬ್ಬಿ ತೆರೆದರೆ ಹುಳಿ ವಾಸನೆ. ಹಳೇ ಟೇಪನ್ನು ಓವನ್ನಿನಲ್ಲಿ ಬೇಯಿಸಬೇಕು ಅಂತಾನೆ ತಮ್ಮ. ಫೋನನ್ನು ಸ್ಪೀಕರ್ ಮುಂದೆ ಇಟ್ಟರೆ ಸಾಕು ಅಂತಾಳೆ ಅಕ್ಕನ ಮಗಳು. ಒಂದೊಂದು ಸಲ ಹಾಕಿದಾಗಲೂ ದನಿ ಅಳಿಸುತ್ತಾ ಹೋಗುತ್ತದೆ ಅಂತಲೂ ಒಬ್ಬರು ಹೆದರಿಸಿದರು. ಇದರಲ್ಲಿ ಯಾವುದು ನಿಜ? ಮನೆಯಲ್ಲೇ ನಾನೇ ಮಾಡಬಹುದಾ?

ಉತ್ತರ: ಟೇಪ್ ತುಂಡಾದ ಕೂಡಲೇ ನಿಲ್ಲಿಸಿದಿರಲ್ಲ, ತುಂಬ ಒಳ್ಳೆಯದಾಯಿತು. ‘ಇನ್ನೊಂದು ಹಾಕಿ ನೋಡೋಣ’ ಅಂತ ಮುಂದುವರಿಸಿದವರ ಟೇಪುಗಳು ನನ್ನ ಮೇಜಿಗೆ ಬರುವಷ್ಟರಲ್ಲಿ ಐದಾರು ಕಡೆ ತುಂಡಾಗಿರುತ್ತವೆ.

ನಿಮಗೆ ಎರಡು ಭಯ ಇದೆ. ಮುಟ್ಟಿದರೆ ಹಾಳಾದೀತು ಅನ್ನೋದು ಒಂದು, ಮುಟ್ಟದೆ ಬಿಟ್ಟರೂ ಹಾಳಾದೀತು ಅನ್ನೋದು ಇನ್ನೊಂದು. ಎರಡರಲ್ಲೂ ಸತ್ಯ ಇದೆ. ಆದರೆ ಇಷ್ಟು ವರ್ಷ ಇದೇ ಕೆಲಸ ಮಾಡಿ ನಾನು ಕಂಡದ್ದು ಬೇರೆ. ಮನೆಗಳ ಟೇಪುಗಳು ವಯಸ್ಸಾಗಿ ಹಾಳಾದದ್ದು ಕಮ್ಮಿ. ದುರಸ್ತಿ ಮಾಡಿಸದ ಮಷಿನ್ನಿಗೆ ಹಾಕಿ ಹಾಳಾದದ್ದೇ ಜಾಸ್ತಿ. ಹಾಗಾಗಿ ನಿಮ್ಮ ಚಿಂತೆಯಲ್ಲಿ ಮುಕ್ಕಾಲು ಪಾಲನ್ನು ಟೇಪಿನ ಮೇಲಿಂದ ತೆಗೆದು ಮಷಿನ್ ಮೇಲೆ ಹಾಕಿ. 11ರಲ್ಲಿ ಹೆಚ್ಚಿನವನ್ನು ನೀವೇ ಮನೆಯಲ್ಲಿ ಮಾಡಬಹುದು. ಒಂದೆರಡನ್ನು ಮಾಡಬೇಡಿ. ಯಾವುವು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಾಕಿದಷ್ಟೂ ದನಿ ಅಳಿಸುತ್ತದೆ ಅನ್ನೋ ಮಾತು ಮೊದಲು ನೋಡೋಣ. ಟೇಪ್ ಅಂದರೆ ಪ್ಲಾಸ್ಟಿಕ್ ಪಟ್ಟಿ. ಅದರ ಒಂದು ಮೈಗೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಅಂಟಿನ ಜೊತೆ ಕಲಸಿ ಬಳಿದಿರುತ್ತಾರೆ. ದನಿ ಇರುವುದು ಆ ಪುಡಿಯ ಕಾಂತದಲ್ಲಿ. ಆ ಕಾಂತ ತಾನಾಗಿ ಸುಲಭವಾಗಿ ಹೋಗುವುದಿಲ್ಲ. 60 ವರ್ಷ ಕಪಾಟಿನಲ್ಲಿದ್ದ ಟೇಪಿನಿಂದ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟ ದನಿ ಬಂದದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಶುಚಿಯಾದ ಮಷಿನ್ನಿನಲ್ಲಿ ನಾಲ್ಕಾರು ಸಲ ಹಾಕಿದರೆ ಕಿವಿಗೆ ಗೊತ್ತಾಗುವಷ್ಟು ಏನೂ ಕಳೆಯುವುದಿಲ್ಲ. ಕೆಡುವುದು ಪುಡಿಯನ್ನು ಹಿಡಿದಿರುವ ಅಂಟು, ಅಥವಾ ಅಡಿಯ ಪ್ಲಾಸ್ಟಿಕ್.

ನಿಜವಾಗಿ ಅಳಿಸುವ ವಸ್ತು ಒಂದಿದೆ. ಅದು ಮಷಿನ್ನಿನ ರೆಕಾರ್ಡ್ ಗುಂಡಿ. ಕ್ಯಾಸೆಟ್ಟಿನ ಬೆನ್ನಿಗೆ ಪುಟ್ಟ ಪ್ಲಾಸ್ಟಿಕ್ ಹಲ್ಲು ಇರುತ್ತಿತ್ತು, ನೆನಪಿದೆಯಾ? ಅದನ್ನು ಮುರಿದುಬಿಟ್ಟರೆ ಅದರ ಮೇಲೆ ರೆಕಾರ್ಡ್ ಮಾಡಲು ಬರುತ್ತಿರಲಿಲ್ಲ. ಸ್ಪೂಲಿಗೆ ಅಂಥ ಕಾವಲೇ ಇಲ್ಲ. ಒಬ್ಬರು ನನ್ನೆದುರೇ ತಮ್ಮ ಮಷಿನ್ನಿನಲ್ಲಿ ಪ್ಲೇ ಒತ್ತಲು ಹೋಗಿ ಜೊತೆಗೆ ರೆಕಾರ್ಡನ್ನೂ ಒತ್ತಿದರು. ನಾನು ಕೈ ಚಾಚುವಷ್ಟರಲ್ಲಿ 3 ಸೆಕೆಂಡು ಹೋಗಿತ್ತು. ಅವರ ತಾಯಿ ಮಾತು ಶುರು ಮಾಡುವ ಜಾಗ ಅದು. ಇವತ್ತಿಗೂ ಆ ಫೈಲು ಅರ್ಧ ಪದದಿಂದ ಶುರುವಾಗುತ್ತದೆ. ಅದಕ್ಕೇ ಮೊದಲ ಕೆಲಸವಾಗಿ ರೆಕಾರ್ಡ್ ಗುಂಡಿ ಕೆಲಸ ಮಾಡದ ಹಾಗೆ ಮಾಡಿಸಿ. ಎಲೆಕ್ಟ್ರಾನಿಕ್ಸ್ ರಿಪೇರಿ ಗೊತ್ತಿರುವವರಿಗೆ ಇದು ಸಣ್ಣ ಕೆಲಸ. ಅದಾಗುವ ತನಕ ಗುಂಡಿಯ ಮೇಲೆ ಒಂದು ದಪ್ಪ ರಟ್ಟು ಅಂಟಿಸಿಡಿ.

ಇನ್ನು ಓವನ್. ತಮ್ಮ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅದು ನಿಮ್ಮ ಟೇಪಿನ ಕಾಯಿಲೆಗೆ ಔಷಧಿ ಅಲ್ಲ. 1970ರ ದಶಕದಿಂದ 1990ರ ದಶಕದವರೆಗೆ ಬಂದ ಕೆಲವು ಟೇಪುಗಳ ಅಂಟು ಗಾಳಿಯ ತೇವ ಹೀರಿಕೊಂಡು ಜಿಗುಟಾಗುತ್ತದೆ. ಇವುಗಳ ಬೆನ್ನಿಗೂ ಸಾಮಾನ್ಯವಾಗಿ ಒಂದು ಕಪ್ಪು ಲೇಪ ಇರುತ್ತದೆ. ಹಾಕಿದರೆ ಕಿರ್ ಅಂತ ಕಿರುಚುತ್ತವೆ, ಹೆಡ್ಡಿನ ಮೇಲೆ, ಅಂದರೆ ಟೇಪಿನಿಂದ ದನಿ ಓದುವ ಭಾಗದ ಮೇಲೆ, ಕಂದು ಅಂಟು ಮೆತ್ತುತ್ತವೆ. ಇಂಥ ಟೇಪನ್ನು ಸುಮಾರು 50ರಿಂದ 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ, ಶಾಖ ಏರದಂತೆ ಇಳಿಯದಂತೆ ಕಾಯಿಸಿದರೆ ತೇವ ಹೋಗುತ್ತದೆ. ಆಮೇಲೆ ಕೆಲವು ವಾರ ಚೆನ್ನಾಗಿ ನುಡಿಯುತ್ತವೆ. ಅದನ್ನೇ ಜನ ‘ಬೇಯಿಸೋದು’ ಅಂತಾರೆ. ಅಡುಗೆಮನೆಯ ಓವನ್ ಅಷ್ಟು ಕಮ್ಮಿ ಶಾಖವನ್ನು ಒಂದೇ ಸಮ ಹಿಡಿದಿಡುವುದಿಲ್ಲ. ಹಾಗಾಗಿ ಅಂಥ ಟೇಪಿಗೂ ಅದು ಬೇಡ.

ನಿಮ್ಮದು 1964ರದ್ದು. ಆ ಕಾಲದ ಎಷ್ಟೋ ಟೇಪುಗಳ ಅಡಿಯ ಪ್ಲಾಸ್ಟಿಕ್ ಅಸಿಟೇಟ್. ಅಸಿಟೇಟನ್ನು ಕಾಯಿಸಿದರೆ ಇರುವ ಚೂರು ಮೆತ್ತನೆ ಗುಣವೂ ಹೋಗಿ ಮುದುಡುತ್ತದೆ, ಒಣಗಿದ ಎಲೆಯ ಹಾಗೆ ಮುರಿಯುತ್ತದೆ. ಗುರುತಿಸುವುದು ಸುಲಭ. ಸ್ಪೂಲನ್ನು ಕೈಯಲ್ಲಿ ಹಿಡಿದು, ಸುತ್ತಿದ ಟೇಪಿನ ಅಂಚಿನ ಕಡೆಯಿಂದ ಬೆಳಕಿಗೆ ಅಡ್ಡ ಹಿಡಿಯಿರಿ. ಬೆಳಕು ಜೇನುಬಣ್ಣದಲ್ಲಿ ಹಾದು ಬಂದರೆ ಅಸಿಟೇಟ್. ಒಂದು ಚೂರೂ ಬರದಿದ್ದರೆ ಪಾಲಿಯೆಸ್ಟರ್ ಇರಬೇಕು. ತುಂಡಾದ ತುದಿಯೂ ಹೇಳುತ್ತದೆ. ಪಾಲಿಯೆಸ್ಟರ್ ಮೊದಲು ದಾರದ ಹಾಗೆ ಎಳೆದುಕೊಂಡು ಉದ್ದವಾಗುತ್ತದೆ, ಆಮೇಲೆ ಹರಿಯುತ್ತದೆ. ಹಿಗ್ಗಿದ ಜಾಗದ ದನಿ ಹೋದ ಹಾಗೆಯೇ. ಅಸಿಟೇಟ್ ಕತ್ತರಿಯಲ್ಲಿ ಕತ್ತರಿಸಿದಷ್ಟು ನೇರವಾಗಿ ಮುರಿಯುತ್ತದೆ. ಹಾಗಾಗಿ ನಿಮ್ಮ ತುಂಡಾದ ಟೇಪಿನ ತುದಿ ನೇರವಾಗಿದ್ದರೆ ಸಮಾಧಾನ ಮಾಡಿಕೊಳ್ಳಿ. ಸರಿಯಾಗಿ ಕೂಡಿಸಿದರೆ ಒಂದು ಅಕ್ಷರವೂ ಕಳೆಯುವುದಿಲ್ಲ.

ಕೂಡಿಸಲು ಮನೆಯಲ್ಲಿರುವ ಸೆಲ್ಲೋ ಟೇಪ್ ಮಾತ್ರ ಬಳಸಬೇಡಿ. ಅದರ ಅಂಟು ಕೆಲವೇ ತಿಂಗಳಲ್ಲಿ ಪಕ್ಕಕ್ಕೆ ಜಾರಿ ಮೇಲಿನ ಸುತ್ತು, ಕೆಳಗಿನ ಸುತ್ತು ಎರಡನ್ನೂ ಹಿಡಿದುಬಿಡುತ್ತದೆ. ಇದಕ್ಕೆಂದೇ ಸ್ಪ್ಲೈಸಿಂಗ್ ಟೇಪ್ ಅಂತ ಸಿಗುತ್ತದೆ, ಆಡಿಯೋ ಟೇಪಿಗಿಂತ ಒಂದೆಳೆ ಕಿರಿದು. ಎರಡು ತುದಿಗಳನ್ನು ಒಂದರ ಮೇಲೊಂದು ಬಾರದ ಹಾಗೆ ತುದಿಗೆ ತುದಿ ಜೋಡಿಸಿ. ಹೆಡ್ಡಿಗೆ ತಾಗದ ಬೆನ್ನಿನ ಕಡೆ ಮಾತ್ರ ಅಂಟಿಸಿ ಬೆರಳುಗುರಿನಿಂದ ಮೆಲ್ಲಗೆ ಉಜ್ಜಿ. ಬೀಳುವ ಚೂರು ಎಷ್ಟೇ ಚಿಕ್ಕದಿರಲಿ, ಎಸೆಯಬೇಡಿ. ಸೆಕೆಂಡಿಗೆ 9.5 ಸೆಂ.ಮೀ. ವೇಗದ ಟೇಪಿನಲ್ಲಿ ಬೆರಳುದ್ದದ ಚೂರು ಅಂದರೆ ಒಬ್ಬರ ಹೆಸರು ಕೂಗುವಷ್ಟು ಹೊತ್ತು.

ಈಗ ಬಲಗಡೆಯ ವಿಚಿತ್ರ ಶಬ್ದ. ಇದನ್ನು ಓದಿ ನನಗೆ ನಿಜವಾಗಿ ಖುಷಿಯಾಯಿತು. ಅದು ಕೆಟ್ಟ ಟೇಪಿನ ಗುರುತಲ್ಲ, ಟೇಪಿನ ಎರಡನೇ ಬದಿ.

ಟೇಪಿನ ಅಗಲ ಸುಮಾರು 6.3 ಮಿ.ಮೀ. ಆಗಿನ ಮನೆ ಬಳಕೆಯ ಮೋನೋ (ಒಂದೇ ಚಾನೆಲ್ಲಿನ) ರೆಕಾರ್ಡರುಗಳಲ್ಲಿ ಬಹಳಷ್ಟು, ಮೊದಲು ಮೇಲಿನ ಅರ್ಧದಲ್ಲಿ ರೆಕಾರ್ಡ್ ಮಾಡುತ್ತಿದ್ದವು. ಕೊನೆ ಮುಟ್ಟಿದ ಮೇಲೆ ಸ್ಪೂಲನ್ನು ಮಗುಚಿ ಹಾಕಿದರೆ ಉಳಿದ ಅರ್ಧದಲ್ಲಿ ವಾಪಸು ರೆಕಾರ್ಡ್ ಆಗುತ್ತಿತ್ತು. ಹೋಗುವ ಸಾಲು ಒಂದು, ಬರುವ ಸಾಲು ಒಂದು. ನಿಮ್ಮ ಸ್ನೇಹಿತರ ಸ್ಟೀರಿಯೋ ಮಷಿನ್ ಬಹುಶಃ ಕ್ವಾರ್ಟರ್ ಟ್ರ್ಯಾಕಿನದು. ಅದು ಟೇಪಿನ ಅಗಲವನ್ನು ನಾಲ್ಕು ಸಾಲು ಮಾಡಿಕೊಂಡು 1 ಮತ್ತು 3ನೇ ಸಾಲನ್ನು ಒಟ್ಟಿಗೆ ಓದುತ್ತದೆ. 1ನೇ ಸಾಲು ಬೀಳುವುದು ಮೇಲಿನ ಅರ್ಧದಲ್ಲಿ, 3ನೇದು ಕೆಳಗಿನ ಅರ್ಧದಲ್ಲಿ. ಅದಕ್ಕೇ ಎಡಗಡೆ ಮಾತು ನೆಟ್ಟಗೆ ಬರುತ್ತದೆ, ಬಲಗಡೆ ಎರಡನೇ ಬದಿ ಹಿಂದು ಮುಂದಾಗಿ ಬರುತ್ತದೆ.

ಇದು ತೊಂದರೆ ಅಲ್ಲ, ಅನುಕೂಲ. ಎರಡೂ ಬದಿ ಒಂದೇ ಓಟದಲ್ಲಿ ಕಂಪ್ಯೂಟರಿಗೆ ಬರುತ್ತವೆ. ಆಮೇಲೆ ಸಾಫ್ಟ್‌ವೇರಿನಲ್ಲಿ ಎಡ ಬಲ ಬೇರೆ ಮಾಡಿ ಬಲಗಡೆಯದನ್ನು ತಿರುಗಿಸಿದರಾಯಿತು. ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ ರಿವರ್ಸ್ ಅಂತ ಒಂದೇ ಒಂದು ಆಯ್ಕೆ. ನಾಜೂಕಾದ ಟೇಪನ್ನು ಎರಡು ಸಲ ಓಡಿಸುವ ಬದಲು ಒಂದೇ ಸಲ ಓಡಿಸಿದರೆ ಸಾಕು ಅಂದರೆ ಎಷ್ಟು ಒಳ್ಳೆಯದು, ಅಲ್ವಾ?

ಎಡಗಡೆ ದನಿ ಮಂಕಾಗಿದ್ದಕ್ಕೆ ಮೂರು ನಾಲ್ಕು ಕಾರಣ ಇರಬಹುದು. ಹೆಡ್ಡಿನ ಮೇಲೆ ಕೊಳೆ ಕೂತಿರಬಹುದು. ಟೇಪ್ ಎಲ್ಲೋ ತಿರುಚಿಕೊಂಡು ಬೆನ್ನಿನ ಕಡೆ ಹೆಡ್ಡಿಗೆ ತಾಗುತ್ತಿರಬಹುದು. ಹಳೆಯ ಅಸಿಟೇಟ್ ದೋಣಿಯ ಹಾಗೆ ಬಾಗಿರುತ್ತದೆ, ಹೆಡ್ಡಿಗೆ ಪೂರ್ತಿ ಅಂಟಿ ಕೂರುವುದಿಲ್ಲ. ಆಗ ದನಿ ಬಂದು ಹೋಗಿ ಮಾಡುತ್ತದೆ. ನಾಲ್ಕನೆಯದು ಆಜಿಮತ್. ಹೆಡ್ಡಿನ ನಡುವಿನ ಸಣ್ಣ ಸೀಳು ಟೇಪಿಗೆ ಸರಿಯಾಗಿ ಲಂಬವಾಗಿರಬೇಕು. ರೆಕಾರ್ಡ್ ಮಾಡಿದ ಮಷಿನ್ನಿನಲ್ಲಿ ಅದು ಕೂದಲೆಳೆಯಷ್ಟು ವಾರೆ ಇದ್ದಿದ್ದರೆ ಇಲ್ಲೂ ಅಷ್ಟೇ ವಾರೆ ಮಾಡಬೇಕು. ಹೆಡ್ಡಿನ ಪಕ್ಕ ಅದಕ್ಕೊಂದು ಸಣ್ಣ ಸ್ಕ್ರೂ ಇರುತ್ತದೆ. ಮೊದಲಿದ್ದ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ. ಮಾತು ಕೇಳುತ್ತಾ ಬಹಳ ಮೆಲ್ಲಗೆ, ಒಂದು ಸುತ್ತಿನ ಎಂಟನೇ ಒಂದು ಭಾಗಕ್ಕಿಂತ ಕಮ್ಮಿ ತಿರುಗಿಸಿ. ‘ಸ’, ‘ಶ’ ಅಕ್ಷರಗಳ ಮೇಲೆ ಕಿವಿ ಇಡಿ. ಅವು ಗರಿಗರಿಯಾಗಿ ಕೇಳಿದ ಕಡೆ ನಿಲ್ಲಿಸಿ. ಮಷಿನ್ ಸ್ನೇಹಿತರದ್ದು, ಅವರನ್ನು ಒಂದು ಮಾತು ಕೇಳಿ ಮುಟ್ಟಿ.

ಆದರೆ ಇದಕ್ಕೆಲ್ಲ ಮೊದಲು ಮಷಿನ್ ಸರಿಯಾಗಬೇಕು. ದೀಪ ಹತ್ತಿತು, ಚಕ್ರ ತಿರುಗಿತು ಅಂದ ಮಾತ್ರಕ್ಕೆ ಅದು ಆರೋಗ್ಯವಾಗಿದೆ ಅಂತಲ್ಲ. ಒಳಗಿನ ರಬ್ಬರ್ ಬೆಲ್ಟು ಹಳೆಯದಾದರೆ ಕರಗಿ ಡಾಂಬರಿನ ಹಾಗಾಗುತ್ತದೆ. ಬ್ರೇಕ್ ಬಿಗಿಯಾದರೆ ಟೇಪನ್ನು ಜಗ್ಗುತ್ತದೆ. ನಿಮ್ಮದು ತುಂಡಾಗಿದ್ದು ಹಾಗೇ ಇರಬಹುದು ಅಂತ ನನ್ನ ಅನುಮಾನ. ಹಳೆಯ ಕೆಪಾಸಿಟರುಗಳು ಹೊಗೆ ಬಿಡುವುದೂ ಉಂಟು. ವಿದ್ಯುತ್ತಿನ ಭಾಗಕ್ಕೆ ಮಾತ್ರ ನೀವು ಕೈ ಹಾಕಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಹಳೆಯ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವವರಿಗೆ ತೋರಿಸಿ. ಬೆಲ್ಟು, ಬ್ರೇಕು, ಕೆಪಾಸಿಟರ್ ನೋಡಿಸಿ.

ಶುಚಿ ಮಾಡುವುದು ನಿಮ್ಮ ಕೆಲಸ. 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿಕಡ್ಡಿ ಅದ್ದಿ, ಟೇಪ್ ತಾಗುವ ಲೋಹದ ಭಾಗಗಳನ್ನೆಲ್ಲ ಒರೆಸಿ. ಹತ್ತಿ ಬೆಳ್ಳಗೆ ವಾಪಸು ಬರುವ ತನಕ ಬಿಡಬೇಡಿ. ಟೇಪನ್ನು ಒತ್ತಿ ಹಿಡಿದು ಮುಂದಕ್ಕೆ ಓಡಿಸುವ ರಬ್ಬರಿನ ಪಿಂಚ್ ರೋಲರಿಗೆ ಆಲ್ಕೋಹಾಲ್ ಪದೇ ಪದೇ ತಾಗಿದರೆ ಒಣಗಿ ಬಿರುಕು ಬಿಡುತ್ತದೆ. ಅದಕ್ಕೆ ಒಂದು ಹನಿ ಸೋಪಿನ ನೀರು ಸಾಕು. ಪೂರ್ತಿ ಆರಿದ ಮೇಲೆ ಟೇಪ್ ಹಾಕಿ. ಅದೂ ಮೊದಲು ಯಾರಿಗೂ ಬೇಡವಾದ ಒಂದು ಟೇಪ್. ಶುರುವಿಂದ ಕೊನೆಯವರೆಗೆ ಎರಡು ಸಲ ಅದು ಕ್ಷೇಮವಾಗಿ ಓಡಿದ ಮೇಲೇ ನಿಮ್ಮ ಟೇಪುಗಳ ಸರದಿ. ಅವುಗಳಲ್ಲೂ ಅಜ್ಜಿಯದನ್ನು ಮೊದಲು ಹಾಕಬೇಡಿ. ಮೂರು ನಾಲ್ಕು ಟೇಪ್ ಆದ ಮೇಲೆ ಕೈ ಪಳಗುತ್ತದೆ.

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ‘ಏನಿದೆ ನೋಡೋಣ’ ಅಂತ ಸುಮ್ನೆ ಹಾಕಬೇಡಿ, ವೇಗವಾಗಿ ಹಿಂದೆ ಮುಂದೆ ಓಡಿಸಬೇಡಿ. ಹಳೆಯ ಟೇಪಿಗೆ ಆ ಜಗ್ಗಾಟವೇ ಅಪಾಯ. ಪ್ರತಿ ಓಟವೂ ಕೊನೆಯ ಓಟ ಅಂದುಕೊಂಡು, ಮೊದಲು ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ಶುರು ಮಾಡಿ, ಆಮೇಲೆ ಪ್ಲೇ ಒತ್ತಿ. ಆಜಿಮತ್ ಸರಿ ಮಾಡುವಾಗಲೂ ರೆಕಾರ್ಡ್ ಆಗುತ್ತಿರಲಿ.

ಫೋನಿನ ವಿಷಯ. ಅಕ್ಕನ ಮಗಳ ಉಪಾಯ ಏನೂ ಇಲ್ಲದಿರುವುದಕ್ಕಿಂತ ವಾಸಿ, ಅಷ್ಟೇ. ಸ್ಪೀಕರಿನ ಗುಣ, ಕೋಣೆಯ ಪ್ರತಿಧ್ವನಿ, ಫ್ಯಾನಿನ ಸದ್ದು ಎಲ್ಲವೂ ಅಜ್ಜಿಯ ದನಿಯ ಜೊತೆ ಸೇರಿಹೋಗುತ್ತವೆ, ಮತ್ತೆ ಬೇರೆ ಮಾಡಲಾಗದು. ಜೊತೆಗೆ ಫೋನು ಮಾತಿನ ಏರಿಳಿತವನ್ನು ತಾನೇ ಸಮ ಮಾಡಿಬಿಡುತ್ತದೆ. ಮಷಿನ್ನಿನ ಹಿಂದೆ ‘ಲೈನ್ ಔಟ್’ ಇರುತ್ತದೆ. ಅಲ್ಲಿಂದ ತಂತಿಯಲ್ಲಿ ನೇರವಾಗಿ ತೆಗೆಯಿರಿ. ಕೆಲವು ಮಷಿನ್‌ಗಳಲ್ಲಿ ಅದರ ಬದಲು ಐದು ತೂತಿನ ದುಂಡನೆಯ ಡಿನ್ ಸಾಕೆಟ್ ಇರುತ್ತದೆ, ಅದಕ್ಕೆ ಹೊಂದುವ ತಂತಿ ಸಿಗುತ್ತದೆ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಬೇಡಿ, ಅದು ಸಾಮಾನ್ಯವಾಗಿ ಒಂದೇ ಚಾನೆಲ್ಲಿನದು, ದನಿ ಒಡೆಯುತ್ತದೆ. ಎರಡು ಲೈನ್ ಇನ್‌ಪುಟ್ ಇರುವ ಯುಎಸ್‌ಬಿ ಆಡಿಯೋ ಇಂಟರ್ಫೇಸ್ ಬೇಕು, ಅದು ಮಷಿನ್ನಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಸಣ್ಣ ಪೆಟ್ಟಿಗೆ. ಹಣ ಹಾಕುವುದಿದ್ದರೆ ಇಲ್ಲಿ ಮತ್ತು ಮಷಿನ್ ದುರಸ್ತಿಗೆ ಹಾಕಿ. ಸಾಫ್ಟ್‌ವೇರಿಗೆ ಬೇಡ.

ಫೈಲು ವೇವ್ ರೂಪದಲ್ಲಿರಲಿ, 24 ಬಿಟ್, 96 ಕಿಲೋಹರ್ಟ್ಜ್. ಗಂಟೆಗೆ ಸುಮಾರು 2 ಜಿಬಿ ಆಗುತ್ತದೆ. ಮಾತಿಗೆ ಇಷ್ಟೆಲ್ಲ ಯಾಕೆ ಅನ್ನಿಸಬಹುದು. ಟೇಪ್ ಇನ್ನೊಂದು ಸಲ ಓಡುತ್ತದೋ ಇಲ್ಲವೋ, ಜಾಗ ಉಳಿಸಲು ಹೋಗಬೇಡಿ. ಸಾಫ್ಟ್‌ವೇರಿನ ಮೀಟರಿನಲ್ಲಿ ದನಿಯ ಮಟ್ಟ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಯಾರಾದರೂ ಒಮ್ಮೆಗೇ ಜೋರಾಗಿ ನಕ್ಕರೂ ಸೊನ್ನೆ ಮುಟ್ಟಬಾರದು. 900 ಅಡಿಯ 5 ಇಂಚಿನ ಟೇಪ್ ಸೆಕೆಂಡಿಗೆ 9.5 ಸೆಂ.ಮೀ. ವೇಗದಲ್ಲಿ 48 ನಿಮಿಷ ಓಡುತ್ತದೆ. ಅಷ್ಟು ಹೊತ್ತೂ ಮಷಿನ್ ಪಕ್ಕ ಕೂತಿರಿ. ಟೇಪ್ ಸಿಕ್ಕಿಕೊಂಡರೆ ನಿಲ್ಲಿಸಲು ಕೈ ಹತ್ತಿರ ಇರಬೇಕು.

ವೇಗದ ವಿಷಯ ಒಂದು ಹೇಳಬೇಕು. ಮನೆ ಟೇಪುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸೆಕೆಂಡಿಗೆ 4.75, 9.5 ಮತ್ತು 19 ಸೆಂ.ಮೀ. ಮಾತು ಅಳಿಲಿನ ಹಾಗೆ ಕೀಚಲಾದರೆ ಟೇಪ್ ನಿಧಾನ ವೇಗದ್ದು. ನಿಮ್ಮ ಮಷಿನ್ನಿನಲ್ಲಿ 4.75 ಇಲ್ಲದಿದ್ದರೆ 9.5ರಲ್ಲೇ ತೆಗೆದು ಸಾಫ್ಟ್‌ವೇರಿನಲ್ಲಿ ಅರ್ಧಕ್ಕೆ ಇಳಿಸಿ, ಮಾತಿಗೆ ಸಾಕು. ಸಣ್ಣ ವ್ಯತ್ಯಾಸ ಹಿಡಿಯಲು ನಾನು ಬಳಸುವ ಒಂದು ದಾರಿ ಇದೆ. ಹಳೆಯ ರೆಕಾರ್ಡಿಂಗುಗಳ ತಳದಲ್ಲಿ ಮನೆಯ ಕರೆಂಟಿನ ಗುಂಯ್ ಸದ್ದು ಎಷ್ಟೋ ಸಲ ಸೇರಿಕೊಂಡಿರುತ್ತದೆ. ದೇಶಕ್ಕೆ ತಕ್ಕಂತೆ ಅದು 50 ಅಥವಾ 60 ಹರ್ಟ್ಜ್. 50 ಇರಬೇಕಾದ್ದು 52 ಅಂತ ಕಂಡರೆ ಟೇಪ್ 4 ಶೇಕಡಾ ಜೋರಾಗಿ ಓಡಿದೆ ಅಂತ ಅರ್ಥ. ಅಷ್ಟು ಇಳಿಸಿದರೆ ದನಿ ಅವರ ನಿಜವಾದ ದನಿಗೆ ಬರುತ್ತದೆ. ಅಜ್ಜಿಯ ದನಿ ನೀವು ಕೇಳಿಲ್ಲ, ಹೋಲಿಸಿ ನೋಡಲು ನಿಮಗೆ ಬೇರೆ ಏನೂ ಇಲ್ಲ. ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ಒಂದು ಎಚ್ಚರ: ಈಗ ನುಡಿಸುವ ಮಷಿನ್ನೂ ಅಂಥದೇ ಸದ್ದು ಸೇರಿಸುತ್ತದೆ. ಟೇಪ್ ನಿಂತಾಗಲೂ ಇರುವ ಸದ್ದು ಮಷಿನ್ನಿನದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ರೆಕಾರ್ಡ್ ಆದ ಮೂಲ ಫೈಲನ್ನು ಮುಟ್ಟಬೇಡಿ. ಬೇರೆ ಬೇರೆ ಕಡೆ ಮೂರು ಪ್ರತಿ ಇಡಿ, ಒಂದು ಇನ್ನೊಬ್ಬರ ಮನೆಯಲ್ಲಿರಲಿ. ಸದ್ದು ತೆಗೆಯುವುದೇನಿದ್ದರೂ ಪ್ರತಿಯ ಮೇಲೆ ಮಾಡಿ, ಅದೂ ಕಮ್ಮಿ. ಜಾಸ್ತಿ ತೆಗೆದರೆ ಮಾತು ನೀರೊಳಗಿಂದ ಬಂದ ಹಾಗಾಗುತ್ತದೆ. ಹಿಂದಿನ ಹಿಸ್ ಸದ್ದಿಗೆ ಕಿವಿ ಎರಡು ನಿಮಿಷದಲ್ಲಿ ಒಗ್ಗುತ್ತದೆ. ಡಬ್ಬಿ, ಸ್ಪೂಲು, ಒಳಗಿನ ಚೀಟಿ ಎಲ್ಲದರ ಫೋಟೋ ತೆಗೆದು ಫೈಲಿನ ಜೊತೆಗಿಡಿ. ದನಿ ಗುರುತಿಸಬಲ್ಲ ಹಿರಿಯರು ಯಾರಾದರೂ ಇದ್ದರೆ ಅವರ ಜೊತೆ ಕೂತು ಕೇಳಿ, ಎಷ್ಟನೇ ನಿಮಿಷದಲ್ಲಿ ಯಾರು ಅಂತ ಬರೆದಿಡಿ. ಇದನ್ನು ಮುಂದಕ್ಕೆ ಹಾಕಬೇಡಿ.

ಹುಳಿ ವಾಸನೆಯ ಟೇಪನ್ನು ಮಾತ್ರ ನೀವು ಮಾಡಬೇಡಿ. ಅಸಿಟೇಟ್ ಕೊಳೆಯುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ವಿನೆಗರಿನಲ್ಲಿ ಇರುವುದೂ ಅದೇ. ಆ ಆಮ್ಲವೇ ಕೊಳೆಯುವುದನ್ನು ಇನ್ನೂ ಜೋರು ಮಾಡುತ್ತದೆ, ಪಕ್ಕದ ಟೇಪಿಗೂ ಹಬ್ಬುತ್ತದೆ. ಇವತ್ತೇ ಅದನ್ನು ಬೇರೆ ಮಾಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಬೇಡ, ಆಮ್ಲ ಒಳಗೇ ಉಳಿಯುತ್ತದೆ. ರಟ್ಟಿನ ಡಬ್ಬಿಯಲ್ಲಿ, ತಂಪಾದ ಒಣ ಜಾಗದಲ್ಲಿಟ್ಟು, ಬೇಗ ವೃತ್ತಿಪರರಿಗೆ ಕೊಡಿ. ಬಿಳಿ ಬೂಷ್ಟು ಹಿಡಿದ ಟೇಪ್ ಕಂಡರೂ ಹಾಗೇ. ಅದನ್ನು ಬಿಚ್ಚುವಾಗ ಮಾಸ್ಕ್ ಹಾಕಿಕೊಳ್ಳಿ.

ಕೊಡುವ ಮೊದಲು ಅವರನ್ನು ಕೇಳಿ: ಏನೂ ತಿದ್ದದ 24 ಬಿಟ್ ವೇವ್ ಫೈಲ್ ಕೊಡುತ್ತೀರಾ? ಎರಡೂ ಬದಿ ತೆಗೆಯುತ್ತೀರಾ? ಟೇಪ್ ವಾಪಸು ಬರುತ್ತದಾ? ಅಸಿಟೇಟ್ ಅಂದಾಗ ಅವರಿಗೆ ಅರ್ಥವಾಗದಿದ್ದರೆ ಬೇರೆಯವರನ್ನು ಹುಡುಕಿ. 1964ರ ಡಬ್ಬಿಯೂ ಅದೇ ವಾಸನೆಯದಾದರೆ, ನಿಮಗೆ ಎಷ್ಟೇ ಆಸೆ ಇದ್ದರೂ ಅದನ್ನೂ ಅವರಿಗೇ ಕೊಡಿ.

ಕೊನೆಗೆ, ನೀವು ಕಳಿಸಿದ 40 ಸೆಕೆಂಡು. ತಿರುಗಿಸಿ ಕೇಳಿದೆ. ಒಂದು ಮಗು ಅಂಕಿ ಎಣಿಸುತ್ತಿದೆ. ಇಪ್ಪತ್ತೊಂಬತ್ತಕ್ಕೆ ನಿಲ್ಲುತ್ತದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೈಕಿನಿಂದ ದೂರ ಕೂತ ಒಬ್ಬ ಹೆಂಗಸು ‘ಮೂವತ್ತು’ ಅಂತ ಮೆಲ್ಲಗೆ ಹೇಳಿಕೊಡುತ್ತಾರೆ. ಮಗು ಮುಂದುವರಿಸುತ್ತದೆ. ತಿರುಗಿಸಿದ ಫೈಲನ್ನು ನಿಮಗೆ ಕಳಿಸಿದ್ದೇನೆ.